ಸಂಶಯದ ಲಾಭ ಯಾರಿಗೆ? ಕಾಣದ ಗಾಯಗಳ ಪಿಂಚಣಿಗಾಗಿ ನೂರು ವರ್ಷಗಳ ಹೋರಾಟ

ಗುಂಡೇಟಿಗೆ ಸಾಕ್ಷಿ ಹುಡುಕಬೇಕಾಗಿಲ್ಲ. ರಣರಂಗದಲ್ಲಿ ಕಾಲು ಕಳೆದುಕೊಂಡು ಬಂದವನನ್ನು ‘ಇದು ಸೇವೆಯಲ್ಲೇ ಆದದ್ದು ಎನ್ನಲು ಏನು ಆಧಾರ?’ ಎಂದು ಯಾವ ಗುಮಾಸ್ತನೂ ಕೇಳುವುದಿಲ್ಲ. ತೊಡಕು ಶುರುವಾಗುವುದು ಕಾಯಿಲೆಯಿಂದ. ಭರ್ತಿಯ ದಿನ ಗಟ್ಟಿಮುಟ್ಟಾಗಿದ್ದ ಹುಡುಗ ಎಂಟು ವರ್ಷದ ಮೇಲೆ ಮೂರ್ಛೆ ಬಿದ್ದರೆ, ಕ್ಷಯ ಹತ್ತಿಸಿಕೊಂಡರೆ, ಬುದ್ಧಿ ಕದಡಿ ಮಾತು ತಪ್ಪಿದರೆ ಅದಕ್ಕೆ ಯಾರು ಹೊಣೆ? ಸೇನೆಯೋ, ಅವನ ಹಣೆಬರಹವೋ? ಎಷ್ಟೋ ಸಲ ವೈದ್ಯಶಾಸ್ತ್ರವೂ ಇದಕ್ಕೆ ಖಚಿತ ಉತ್ತರ ಕೊಡಲಾರದು. ಉತ್ತರ ಸಿಗದೆ ಉಳಿದಾಗ ನಷ್ಟವನ್ನು ಯಾರ ತಲೆಗೆ ಕಟ್ಟಬೇಕು ಎಂಬ ಪ್ರಶ್ನೆಯ ಮೇಲೆ ಲಂಡನ್ನಿನಿಂದ ದೆಹಲಿಯವರೆಗೆ ನೂರು ವರ್ಷ ವಾದ ನಡೆದಿದೆ. ಸೈನಿಕನ ಅಂಗವೈಕಲ್ಯ ಪಿಂಚಣಿಯ ಇತಿಹಾಸ ಬಹುಮಟ್ಟಿಗೆ ಈ ವಾದದ ಇತಿಹಾಸವೇ ಆಗಿದೆ.

ಒಂದು ಅಕ್ಷರ, ಒಂದು ಪಿಂಚಣಿ

1915ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರ ಲೇಖನವೊಂದು ಪ್ರಕಟವಾಯಿತು. ಅವರು ಮನೋವಿಜ್ಞಾನಿಯೂ ಆಗಿದ್ದರು. ಫ್ರಾನ್ಸಿನ ಯುದ್ಧಭೂಮಿಯಿಂದ ಬಂದ ಮೂವರು ಸೈನಿಕರನ್ನು ಪರೀಕ್ಷಿಸಿದ ವಿವರ ಅದರಲ್ಲಿತ್ತು. ಪಕ್ಕದಲ್ಲೇ ಶೆಲ್ ಸಿಡಿದಿದ್ದರೂ ಅವರ ಮೈಮೇಲೆ ದೊಡ್ಡ ಗಾಯವೇನೂ ಇರಲಿಲ್ಲ. ಆದರೆ ದೃಷ್ಟಿ ಮಂಕಾಗಿತ್ತು, ವಾಸನೆ-ರುಚಿ ತಿಳಿಯುತ್ತಿರಲಿಲ್ಲ, ನೆನಪು ಅಳಿಸಿಹೋಗಿತ್ತು. ‘ಶೆಲ್ ಶಾಕ್’ ಎಂಬ ಹೆಸರು ವೈದ್ಯಕೀಯ ಬರಹದಲ್ಲಿ ನೆಲೆಯಾದದ್ದು ಈ ಲೇಖನದಿಂದ.

ಇಂಥವರ ಸಂಖ್ಯೆ ಬೆಳೆದಂತೆ ಬ್ರಿಟಿಷ್ ಸೇನೆ ಅವರನ್ನು ಎರಡು ಗುಂಪು ಮಾಡಿತು. ಶತ್ರುವಿನ ಶೆಲ್ ಹತ್ತಿರದಲ್ಲಿ ಸಿಡಿದು ಹೀಗಾಗಿದ್ದರೆ ದಾಖಲೆಯಲ್ಲಿ ‘ಶೆಲ್ ಶಾಕ್, ಡಬ್ಲ್ಯೂ’. ಡಬ್ಲ್ಯೂ ಎಂದರೆ ಗಾಯಾಳು. ಅವನು ತೋಳಿನ ಮೇಲೆ ಗಾಯದ ಪಟ್ಟಿ ಧರಿಸಬಹುದಿತ್ತು, ಪಿಂಚಣಿಗೂ ಹಕ್ಕುದಾರ. ಯಾವುದೋ ಒಂದು ಸಿಡಿತವನ್ನು ಬೊಟ್ಟುಮಾಡಿ ತೋರಿಸಲಾಗದೆ, ತಿಂಗಳುಗಟ್ಟಲೆ ಕಂದಕದಲ್ಲಿ ಕೂತು ಕುಸಿದವನಿಗೆ ‘ಶೆಲ್ ಶಾಕ್, ಎಸ್’. ಎಸ್ ಎಂದರೆ ಬರೀ ಕಾಯಿಲೆಯವನು. ಪಟ್ಟಿಯೂ ಇಲ್ಲ, ಪಿಂಚಣಿಯೂ ಇಲ್ಲ. ಇಬ್ಬರ ನಡುಗುವ ಕೈಗಳಲ್ಲಿ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ವೈದ್ಯರು ಬರೆದ ಒಂದು ಅಕ್ಷರದಲ್ಲಿ.

1917ರಲ್ಲಿ ಇನ್ನೊಂದು ಬಿಗಿ ಬಂತು. ಕುಸಿದು ಬಂದ ಸೈನಿಕನಿಗೆ ರೋಗದ ಹೆಸರು ಕೊಡುವ ಮೊದಲು ಡಬ್ಲ್ಯೂ 3436 ಎಂಬ ಫಾರಂ ಅವನ ದಳಕ್ಕೆ ಹೋಗಬೇಕು. ಅವನು ನಿಜವಾಗಿ ಸಿಡಿತಕ್ಕೆ ಸಿಕ್ಕಿದ್ದನೇ ಎಂದು ದಳದ ಅಧಿಕಾರಿ ಬರೆದು ಕಳಿಸಬೇಕು. ದಿನವೂ ನೂರಾರು ಜನ ಸಾಯುತ್ತಿದ್ದ ಕಾಲ ಅದು. ನೋಡಿದ ಅಧಿಕಾರಿಯೇ ಸತ್ತಿದ್ದರೆ? ದಳವೇ ಬೇರೆ ಕಡೆಗೆ ಸರಿದಿದ್ದರೆ? ಕಾಗದ ಬರದಿದ್ದರೆ ಅದರ ಫಲ ಅನುಭವಿಸುತ್ತಿದ್ದವನು ಸೈನಿಕನೇ.

1916ರ ಡಿಸೆಂಬರಿನಲ್ಲಿ ಬ್ರಿಟನ್ ಪಿಂಚಣಿಗೆಂದೇ ಪ್ರತ್ಯೇಕ ಸಚಿವಾಲಯ ತೆರೆಯಿತು. ಕಾರ್ಮಿಕ ಚಳವಳಿಯಿಂದ ಬಂದ ಜಾರ್ಜ್ ಬಾರ್ನ್ಸ್ ಅದರ ಮೊದಲ ಸಚಿವ. ದೇಹದ ಪ್ರತಿ ಅಂಗಕ್ಕೂ ಶೇಕಡಾವಾರು ಲೆಕ್ಕ ಕಟ್ಟುವ ಪದ್ಧತಿ ಆಗ ಗಟ್ಟಿಯಾಯಿತು. ಎಡಗೈಗಿಂತ ಬಲಗೈಗೆ ಹೆಚ್ಚು, ಮೊಣಕೈ ಕೆಳಗಿನದಕ್ಕಿಂತ ಭುಜದ ಬಳಿ ಕತ್ತರಿಸಿದ್ದಕ್ಕೆ ಹೆಚ್ಚು. ಅರ್ಜಿ ತಿರಸ್ಕೃತವಾದವರು ಹೋಗಲು 1919ರ ಕಾಯಿದೆ ಪಿಂಚಣಿ ಮೇಲ್ಮನವಿ ನ್ಯಾಯಮಂಡಳಿಗಳನ್ನೂ ಕೊಟ್ಟಿತು. ಸೈನಿಕ ಕೈಚಾಚಿ ಬೇಡುವವನಲ್ಲ, ಹಕ್ಕು ಕೇಳುವವನು ಎಂದು ಕಾನೂನು ಒಪ್ಪಿಕೊಂಡದ್ದು ದೊಡ್ಡ ಹೆಜ್ಜೆ. ಆದರೆ ಆ ಹಕ್ಕನ್ನು ಸಾಬೀತು ಮಾಡುವ ಭಾರ ಅವನ ಹೆಗಲ ಮೇಲೇ ಉಳಿಯಿತು. ತನ್ನ ಕಾಯಿಲೆ ಸೇವೆಯಿಂದಲೇ ಬಂತು, ಇಲ್ಲವೇ ಸೇವೆಯಿಂದ ಹೆಚ್ಚಿತು ಎಂದು ಅವನೇ ತೋರಿಸಬೇಕಿತ್ತು. ಅವನ ಬಳಿ ದಾಖಲೆ ಇರಲಿಲ್ಲ, ಪರಿಣತ ವೈದ್ಯರಿಗೆ ಕೊಡಲು ಹಣವಿರಲಿಲ್ಲ. ಎದುರಿಗಿದ್ದ ಸಚಿವಾಲಯದ ಬಳಿ ಎರಡೂ ಇದ್ದವು.

ಭಾರ ಬದಲಾದ ವರ್ಷ

ಎರಡನೆಯ ಮಹಾಯುದ್ಧ ಶುರುವಾದಾಗಲೂ ಬ್ರಿಟಿಷ್ ಸರ್ಕಾರದ ಧೋರಣೆ ಅದೇ ಆಗಿತ್ತು. ಹಿಂದಿನ ಯುದ್ಧದ ಪಿಂಚಣಿ ಖರ್ಚು ಖಜಾನೆಗೆ ಚೆನ್ನಾಗಿ ನೆನಪಿತ್ತು. ಆದರೆ ಈ ಸಲ ಜನರಿಗೂ ನೆನಪಿತ್ತು. ಮೊದಲ ಯುದ್ಧದ ಮಾಜಿ ಸೈನಿಕರ ಸಂಘಟನೆಯಾದ ಬ್ರಿಟಿಷ್ ಲೀಜನ್ ಸೇವೆಗೆ ಯೋಗ್ಯನಾದವನು ಪಿಂಚಣಿಗೂ ಯೋಗ್ಯ ಎಂಬ ಬೇಡಿಕೆಯನ್ನು ಊರೂರಿಗೆ ಒಯ್ದಿತು. ಸೇನೆಯ ವೈದ್ಯರೇ ಪರೀಕ್ಷಿಸಿ, ಆರೋಗ್ಯವಂತ ಎಂದು ಮುದ್ರೆ ಒತ್ತಿ ಒಳಗೆ ಸೇರಿಸಿಕೊಂಡವನು ಕಾಯಿಲೆಬಿದ್ದು ಹೊರಬಂದರೆ ‘ಇದು ನಿನ್ನ ಹುಟ್ಟುಗುಣ’ ಎನ್ನುವುದು ಯಾವ ನ್ಯಾಯ?

ಹಳ್ಳಿಯಲ್ಲಿ ಬೆಳೆದವರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆರೆಮನೆಯ ಗಟ್ಟಿ ಎತ್ತನ್ನು ಉಳುಮೆಗೆಂದು ಎರವಲು ತಂದು, ಕುಂಟುವ ಎತ್ತನ್ನು ವಾಪಸು ಕಟ್ಟಿದರೆ ಉತ್ತರ ಹೇಳಬೇಕಾದವನು ತಂದವನೇ. ಎತ್ತಿನ ಯಜಮಾನ ಯಾವ ಸಾಲಿನಲ್ಲಿ, ಯಾವ ಕಲ್ಲಿಗೆ ಕಾಲು ತಾಗಿತೆಂದು ತೋರಿಸಬೇಕಿಲ್ಲ. ಎತ್ತಿಗೆ ಸಲ್ಲುವ ಈ ನ್ಯಾಯ ಮನುಷ್ಯನಿಗೆ ಸಲ್ಲಲು 1943ರ ವರೆಗೆ ಕಾಯಬೇಕಾಯಿತು.

ಪಾರ್ಲಿಮೆಂಟಿನ ಒತ್ತಡಕ್ಕೆ ಮಣಿದು ಸರ್ಕಾರ ಆ ವರ್ಷ ಶ್ವೇತಪತ್ರ ಹೊರಡಿಸಿತು. ಡಿಸೆಂಬರಿನ ರಾಜಾಜ್ಞೆ ನಿಯಮವನ್ನು ತಿರುಗಿಸಿಬಿಟ್ಟಿತು. ಪುರಾವೆಯ ಹೊಣೆ ಅರ್ಜಿದಾರನದಲ್ಲ, ಸಮಂಜಸವಾದ ಸಂಶಯವೇನಾದರೂ ಉಳಿದರೆ ಅದರ ಲಾಭ ಅವನಿಗೇ ಸೇರಬೇಕು. ಅದೇ ವರ್ಷದ ಕಾಯಿದೆ ಹೊಸ ಮೇಲ್ಮನವಿ ನ್ಯಾಯಮಂಡಳಿಗಳನ್ನು ರಚಿಸಿತು. ಒಬ್ಬ ಕಾನೂನು ಬಲ್ಲವರು, ಒಬ್ಬ ವೈದ್ಯರು, ಸೇನೆಯಲ್ಲಿ ದುಡಿದ ಒಬ್ಬರು ಕೂಡಿ ತೀರ್ಮಾನಿಸಬೇಕು. ಕಾನೂನಿನ ಪ್ರಶ್ನೆ ಎದ್ದರೆ ಹೈಕೋರ್ಟಿನ ನೇಮಿತ ನ್ಯಾಯಾಧೀಶರ ಮುಂದೆ ಹೋಗಬಹುದು.

ಆದರೂ ಹಳೆಯ ರೂಢಿ ಬೇಗ ಬಿಡಲಿಲ್ಲ. ಸಚಿವಾಲಯದ ವೈದ್ಯರು ‘ಈ ರೋಗಕ್ಕೂ ಸೇವೆಗೂ ಸಂಬಂಧವಿಲ್ಲ’ ಎಂದು ಬರೆದರೆ ನ್ಯಾಯಮಂಡಳಿಗಳು ತಲೆದೂಗುತ್ತಿದ್ದವು. ಅದನ್ನು ನಿಲ್ಲಿಸಿದವರು ಆಲ್ಫ್ರೆಡ್ ಡೆನಿಂಗ್. ಮುಂದೆ ಇಂಗ್ಲೆಂಡಿನ ಅತಿ ಪ್ರಸಿದ್ಧ ನ್ಯಾಯಾಧೀಶರಾಗಲಿದ್ದ ಅವರು ಆಗಿನ್ನೂ ಹೈಕೋರ್ಟಿಗೆ ಹೊಸಬರು. ಪಿಂಚಣಿ ಮೇಲ್ಮನವಿಗಳ ವಿಚಾರಣೆ ಅವರ ಪಾಲಿಗೆ ಬಂತು. ಡೆನಿಂಗ್ ಸ್ವತಃ ಮೊದಲ ಯುದ್ಧದಲ್ಲಿ ಫ್ರಾನ್ಸಿನಲ್ಲಿ ರಾಯಲ್ ಎಂಜಿನಿಯರ್ಸ್ ಅಧಿಕಾರಿಯಾಗಿ ದುಡಿದವರು. ಅವರ ಅಣ್ಣ ಜ್ಯಾಕ್ 1916ರಲ್ಲಿ ರಣರಂಗದಲ್ಲಿ ಸತ್ತಿದ್ದರು. ಇನ್ನೊಬ್ಬ ಸಹೋದರ ಗಾರ್ಡನ್ ನೌಕಾಪಡೆಯಲ್ಲಿದ್ದು, ಜಟ್‌ಲೆಂಡ್ ಕದನದಲ್ಲಿ ಪಾಲ್ಗೊಂಡು, 1918ರಲ್ಲಿ ಕ್ಷಯದಿಂದ ತೀರಿಕೊಂಡಿದ್ದರು. ಒಂದೇ ಮನೆಯಲ್ಲಿ ಒಬ್ಬನನ್ನು ಯುದ್ಧ, ಇನ್ನೊಬ್ಬನನ್ನು ಕಾಯಿಲೆ ಕೊಂಡೊಯ್ದಿತ್ತು. ತೀರ್ಪುಗಳಲ್ಲಿ ಅವರು ಈ ಮಾತು ಎತ್ತಿದರೋ ಬಿಟ್ಟರೋ, ತಮ್ಮ ಮುಂದೆ ನಿಂತವರ ಸಂಕಟ ಅವರಿಗೆ ಅಪರಿಚಿತವಾಗಿರಲಿಲ್ಲ.

1946ರ ಸ್ಟಾರ್ ಪ್ರಕರಣದಲ್ಲಿ ಡೆನಿಂಗ್ ಹೊಸ ನಿಯಮದ ಅರ್ಥ ಬಿಡಿಸಿಟ್ಟರು. ಭರ್ತಿಯ ವೇಳೆ ದಾಖಲಾಗದ ರೋಗದಿಂದ ಸೈನಿಕ ಸೇವೆ ಬಿಟ್ಟಿದ್ದರೆ ಕಾನೂನಿನ ಊಹೆ ಅವನ ಕಡೆ ಬಲವಾಗಿ ನಿಲ್ಲುತ್ತದೆ. ಅದನ್ನು ಅಲುಗಿಸಬೇಕಾದರೆ ರೋಗಕ್ಕೆ ಸೇವೆ ಕಾರಣವಲ್ಲ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ಮರುವರ್ಷ ಅನ್ನನಾಳದ ಕ್ಯಾನ್ಸರಿನಿಂದ ಸತ್ತ ಸೈನಿಕನ ವಿಧವೆಯೊಬ್ಬರು ಪಿಂಚಣಿಗಾಗಿ ಬಂದರು. ಮಿಲ್ಲರ್ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ ಡೆನಿಂಗ್ ಪುರಾವೆಯ ತೂಕದ ಬಗ್ಗೆ ಬರೆದದ್ದು ಪಿಂಚಣಿಯ ಎಲ್ಲೆ ದಾಟಿ ಹೋಯಿತು. ‘ಸಮಂಜಸ ಸಂಶಯಕ್ಕೆ ಮೀರಿ’ ಎಂದರೆ ಸಂಶಯದ ನೆರಳೂ ಇರಬಾರದು ಎಂದಲ್ಲ, ಸಾಧ್ಯತೆಯ ಮಟ್ಟ ಬಹಳ ಎತ್ತರವಾಗಿರಬೇಕು. ಬರೀ ದೂರದ ಕಲ್ಪನೆಯನ್ನು ಸಂಶಯವೆನ್ನಲಾಗದು ಎಂಬುದು ಅವರ ವಿವರಣೆಯ ತಿರುಳು. ಕೊಲೆ ಮೊಕದ್ದಮೆಗಳಲ್ಲಿ ಭಾರತದ ಕೋರ್ಟುಗಳೂ ಇಂದಿಗೂ ಉಲ್ಲೇಖಿಸುವ ಈ ಅಳತೆಗೋಲು ಹುಟ್ಟಿದ್ದು ಸೈನಿಕನ ವಿಧವೆಯೊಬ್ಬರ ಅರ್ಜಿಯಲ್ಲಿ ಎಂಬುದನ್ನು ಕಾನೂನು ಓದಿದವರಲ್ಲೂ ಅನೇಕರು ಮರೆತಿದ್ದಾರೆ.

ಭಾರತದ ನಿಯಮ, ಭಾರತದ ಕಡತ

ಸ್ವತಂತ್ರ ಭಾರತದಲ್ಲಿ ಈ ವಿಷಯಕ್ಕೆ ಬಹುಕಾಲ ಆಧಾರವಾಗಿದ್ದದ್ದು 1961ರ ಸೇನಾ ಪಿಂಚಣಿ ನಿಬಂಧನೆಗಳು. ಅವುಗಳ 173ನೆಯ ನಿಬಂಧನೆಯಂತೆ ಕಾಯಿಲೆ ಅಥವಾ ಗಾಯದ ಕಾರಣ ಸೇವೆಯಿಂದ ಹೊರಬಂದವನಿಗೆ ಅಂಗವೈಕಲ್ಯ ಪಿಂಚಣಿ ಸಿಗಲು ಎರಡು ಷರತ್ತು ಪೂರೈಸಬೇಕಿತ್ತು. ವೈಕಲ್ಯ ಸೇನಾ ಸೇವೆಯಿಂದ ಬಂದಿರಬೇಕು ಅಥವಾ ಅದರಿಂದ ಉಲ್ಬಣಿಸಿರಬೇಕು. ಜೊತೆಗೆ ಅದರ ಪ್ರಮಾಣ ಶೇ. 20 ಅಥವಾ ಹೆಚ್ಚಿರಬೇಕು. ಸೇವೆಯ ಸಂಬಂಧವನ್ನು ಹೇಗೆ ನಿರ್ಣಯಿಸಬೇಕೆಂದು ಹೇಳುತ್ತಿದ್ದದ್ದು 1982ರ ಅರ್ಹತಾ ನಿಯಮಗಳು. ಅವುಗಳ ಐದನೆಯ ನಿಯಮದಂತೆ, ಭರ್ತಿಯ ವೇಳೆ ಬರೆದಿಟ್ಟ ದೋಷಗಳನ್ನು ಬಿಟ್ಟರೆ ಸೈನಿಕ ಪೂರ್ಣ ಆರೋಗ್ಯವಂತನಾಗಿದ್ದ ಎಂದೇ ಭಾವಿಸಬೇಕು. ಆಮೇಲೆ ಆರೋಗ್ಯ ಕೆಟ್ಟು ಹೊರಬಂದರೆ ಅದು ಸೇವೆಯಿಂದ ಎಂದು ತಿಳಿಯಬೇಕು. ಒಂಬತ್ತನೆಯದರಂತೆ ಪುರಾವೆಯ ಹೊಣೆ ಅರ್ಜಿದಾರನದಲ್ಲ, ಸಂಶಯದ ಲಾಭ ಅವನಿಗೆ. ಹದಿನಾಲ್ಕನೆಯದು ಒಂದು ಬಾಗಿಲನ್ನು ತೆರೆದಿಟ್ಟಿತ್ತು. ಆ ರೋಗ ಭರ್ತಿಯ ಪರೀಕ್ಷೆಯಲ್ಲಿ ಪತ್ತೆಯಾಗಲು ಸಾಧ್ಯವೇ ಇರಲಿಲ್ಲ ಎಂದು ವೈದ್ಯರು ಹೇಳಬಹುದು, ಆದರೆ ಕಾರಣ ಕೊಟ್ಟು ಹೇಳಬೇಕು. 1943ರ ಬ್ರಿಟಿಷ್ ರಾಜಾಜ್ಞೆಯ ಪಕ್ಕದಲ್ಲಿಟ್ಟು ಓದಿದರೆ ಇವುಗಳ ವಂಶ ತಾನಾಗಿ ಗೊತ್ತಾಗುತ್ತದೆ.

ಕಾಗದದ ಮೇಲೆ ಇಷ್ಟು ಉದಾರವಾದ ನಿಯಮ ಕಡತದಲ್ಲಿ ಹೇಗೆ ಬಡವಾಗುತ್ತದೆ ಎಂಬುದನ್ನು ಮೆಡಿಕಲ್ ಬೋರ್ಡಿನ ನಮೂನೆ ನೋಡಿದರೆ ತಿಳಿಯುತ್ತದೆ. ಸೈನಿಕನನ್ನು ಸೇವೆಯಿಂದ ಬಿಡುಗಡೆ ಮಾಡುವ ಮೊದಲು ಸೇನಾ ವೈದ್ಯರ ಮಂಡಳಿ ಅವನನ್ನು ಪರೀಕ್ಷಿಸುತ್ತದೆ. ಎಲ್ಲೆಲ್ಲಿ ಪೋಸ್ಟಿಂಗ್ ಆಗಿತ್ತು, ಅದು ಫೀಲ್ಡೋ (ಕಾರ್ಯಾಚರಣೆಯ ನೆಲೆ) ಪೀಸ್ ಸ್ಟೇಷನ್ನೋ (ಶಾಂತಿಯ ನೆಲೆ), ರೋಗ ಮೊದಲು ಯಾವಾಗ, ಎಲ್ಲಿ ಕಾಣಿಸಿತು ಎಂಬುದೆಲ್ಲ ನಮೂನೆಯಲ್ಲಿ ತುಂಬಿರುತ್ತದೆ. ಕೊನೆಗೆ ಮಂಡಳಿಯ ಅಭಿಪ್ರಾಯದ ಭಾಗ. ಕಾಯಿಲೆಯ ಹೆಸರಿನ ಎದುರು ಸೇವೆಯಿಂದ ಬಂದದ್ದೇ, ಸೇವೆಯಿಂದ ಹೆಚ್ಚಿದ್ದೇ, ಸಂಬಂಧವೇ ಇಲ್ಲವೇ ಎಂದು ಹೌದು-ಅಲ್ಲ ಬರೆಯುವ ಕಿರಿದಾದ ಅಂಕಣಗಳಿವೆ. ಅವುಗಳ ಪಕ್ಕದಲ್ಲಿ ಕಾರಣ ಬರೆಯುವ ಅಂಕಣವಿದೆ. ಇಡೀ ಕಡತದ ಜೀವ ಇರುವುದು ಅಲ್ಲಿ. ಎಷ್ಟೋ ಕಡತಗಳಲ್ಲಿ ಅಲ್ಲಿರುವುದು ‘ಶರೀರ ಪ್ರಕೃತಿಯ ರೋಗ’ ಅಥವಾ ‘ಪೀಸ್ ಸ್ಟೇಷನ್‌ನಲ್ಲಿ ಆರಂಭ’ ಎಂಬಂಥ ಒಂದೇ ಸಾಲು. ಮೂರ್ಛೆರೋಗಕ್ಕೂ ಸ್ಕಿಜೋಫ್ರೇನಿಯಾಕ್ಕೂ ಅನೇಕ ಸಂದರ್ಭಗಳಲ್ಲಿ ಖಚಿತ ಕಾರಣ ಯಾವ ವೈದ್ಯರಿಗೂ ತಿಳಿಯದು. ಇವು ಹೆಚ್ಚಾಗಿ ತಲೆದೋರುವುದೂ ಹುಡುಗರು ಸೇನೆಗೆ ಸೇರಿ ದುಡಿಯುವ ವಯಸ್ಸಿನಲ್ಲೇ. ವೈದ್ಯಶಾಸ್ತ್ರ ‘ಗೊತ್ತಿಲ್ಲ’ ಎನ್ನುವ ಜಾಗದಲ್ಲಿ ನಮೂನೆ ‘ಸಂಬಂಧವಿಲ್ಲ’ ಎಂದು ಬರೆದುಬಿಡುತ್ತದೆ. ಒಂದು ಅರಿವಿನ ಕೊರತೆ, ಇನ್ನೊಂದು ತೀರ್ಪು. ಇವೆರಡನ್ನೂ ಒಂದೇ ಮಾಡಿದ್ದರಿಂದ ಸಾವಿರಾರು ಮನೆಗಳಿಗೆ ಪೆನ್ಷನ್ ತಪ್ಪಿತು.

ಇದರ ನೋವು ಕರ್ನಾಟಕಕ್ಕೆ ಹೊರಗಿನದಲ್ಲ. ಕೊಡಗಿನ ಮನೆಗಳಿಂದ, ಬೆಳಗಾವಿಯ ಹಳ್ಳಿಗಳಿಂದ ತಲೆಮಾರುಗಳಿಂದ ಹುಡುಗರು ಸೇನೆಗೆ ಹೋಗುತ್ತಿದ್ದಾರೆ. ಕಾಯಿಲೆ ಬಂದು ‘ಬೋರ್ಡ್ ಔಟ್’ ಆಗಿ ಊರಿಗೆ ಬಂದವನ ಕಾಗದಪತ್ರ ಓಡಾಡುವ ದಾರಿ ನೋಡಿ. ರೆಕಾರ್ಡ್ ಆಫೀಸು ಅವನ ರೆಜಿಮೆಂಟಿನ ಕೇಂದ್ರವಿರುವ ಊರಿನಲ್ಲಿ. ಭೂಸೇನೆಯ ಪಿಂಚಣಿ ಮಂಜೂರಾತಿಯ ಕಚೇರಿ ಹಿಂದೆ ಅಲಹಾಬಾದ್ ಎನ್ನುತ್ತಿದ್ದ ಪ್ರಯಾಗರಾಜ್‌ನಲ್ಲಿ. ಮೊದಲ ಅಪೀಲು, ಎರಡನೇ ಅಪೀಲು ದೆಹಲಿಯ ಸಮಿತಿಗಳ ಮುಂದೆ. ಅಲ್ಲೂ ಸೋತರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯಿದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಶುರುಮಾಡಿದ ಈ ನ್ಯಾಯಮಂಡಳಿಯಲ್ಲಿ ಕರ್ನಾಟಕ ಸೇರಿರುವುದು ಕೊಚ್ಚಿ ಪೀಠಕ್ಕೆ. ಅದಕ್ಕೂ ಮೊದಲು ಹೈಕೋರ್ಟಿನ ರಿಟ್ ಅರ್ಜಿಯೇ ಗತಿಯಾಗಿತ್ತು. ಮಾತು ತೊದಲುವ, ಮಾತ್ರೆಯ ಮಂಪರಿನಲ್ಲಿರುವ ಮನುಷ್ಯ ಈ ದಾರಿಯನ್ನು ಒಬ್ಬನೇ ನಡೆಯಲಾರ. ಅವನ ಹೆಂಡತಿಯೋ ಅಪ್ಪನೋ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಬೆಂಚಿನ ಮೇಲೆ ಕೂತು ಅರ್ಜಿ ಬರೆಸಬೇಕು.

1994ರಿಂದ 2013ರ ವರೆಗೆ

ಕೋರ್ಟುಗಳ ಮೊದಲ ಮಧ್ಯಪ್ರವೇಶ ವೈದ್ಯರ ಪರವಾಗಿಯೇ ಇತ್ತು. ಹಿಂದೆ ಅಲಹಾಬಾದಿನ ಲೆಕ್ಕಪತ್ರ ಕಚೇರಿ ರೋಗಿಯ ಮುಖವನ್ನೂ ನೋಡದೆ ಮೆಡಿಕಲ್ ಬೋರ್ಡಿನ ಶೇಕಡಾವನ್ನು ಇಳಿಸಿಬಿಡುತ್ತಿತ್ತು. 1993ರ ಜನವರಿಯಲ್ಲಿ ಮೊಹಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಸೈನಿಕನನ್ನು ಪರೀಕ್ಷಿಸಿದ ತಜ್ಞರ ಅಭಿಪ್ರಾಯದ ಮೇಲೆ ಲೆಕ್ಕಾಧಿಕಾರಿ ಕುಳಿತು ತೀರ್ಪು ಕೊಡುವಂತಿಲ್ಲ, ಸಂಶಯವಿದ್ದರೆ ಮರುಪರೀಕ್ಷೆ ಮಾಡಿಸಲಿ ಎಂದಿತು. ಇದು ಸೈನಿಕನಿಗೆ ನೆರವಾಯಿತು. ಆದರೆ ಬೋರ್ಡಿನ ಮಾತೇ ಅಂತಿಮ ಎಂಬ ತತ್ವ ಎರಡೂ ಕಡೆ ಕೊಯ್ಯುವಂಥದು. 2007ರ ಕೇಶರ್ ಸಿಂಗ್ ಪ್ರಕರಣ, 2009ರ ದಾಮೋದರನ್ ಪ್ರಕರಣಗಳಲ್ಲಿ ಅದೇ ತತ್ವ ಸೈನಿಕನ ವಿರುದ್ಧ ತಿರುಗಿತು. ಬೋರ್ಡ್ ‘ಸಂಬಂಧವಿಲ್ಲ’ ಎಂದಿದೆ, ಅದಕ್ಕೆ ಮನ್ನಣೆ ಕೊಡಬೇಕು ಎಂದು ಕೋರ್ಟ್ ಹೇಳಿತು.

ಈ ಗಾಳಿಯ ನಡುವೆ ಸಿಗ್ನಲ್ಸ್ ಕೋರ್‌ನ ಒಬ್ಬ ಸಿಪಾಯಿ ಪಟ್ಟುಬಿಡದೆ ನಿಂತ. 1985ರ ಜೂನ್‌ನಲ್ಲಿ ಸೇನೆಗೆ ಸೇರಿದ ಧರ್ಮವೀರ್ ಸಿಂಗ್ ಸುಮಾರು ಒಂಬತ್ತು ವರ್ಷ ದುಡಿದು 1994ರ ಏಪ್ರಿಲ್ 1ರಂದು ಹೊರಬಿದ್ದ. ಕಾರಣ ಮೂರ್ಛೆರೋಗ. ವೈಕಲ್ಯ ಶೇ. 20, ಅದೂ ಶಾಶ್ವತ. ಮೆಡಿಕಲ್ ಬೋರ್ಡಿನ ಅಭಿಪ್ರಾಯ, ಸೇನಾ ಸೇವೆಗೂ ರೋಗಕ್ಕೂ ಸಂಬಂಧವಿಲ್ಲ. ಆ ಒಂದು ಸಾಲಿನ ಬಲದ ಮೇಲೆ ಪಿಂಚಣಿ ನಿರಾಕರಿಸಿದರು. 1995ರಲ್ಲಿ ಅವನ ಮನವಿ ತಿರಸ್ಕೃತವಾಯಿತು. 2004ರಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟಿನ ಏಕಸದಸ್ಯ ಪೀಠ ಅವನ ಪರ ತೀರ್ಪು ಕೊಟ್ಟಿತು. ಸರ್ಕಾರ ಮೇಲ್ಮನವಿ ಹೋಯಿತು, 2009ರಲ್ಲಿ ವಿಭಾಗೀಯ ಪೀಠ ಏಕಸದಸ್ಯ ಪೀಠದ ತೀರ್ಪನ್ನು ರದ್ದುಮಾಡಿತು. ಗೆದ್ದದ್ದು ಮತ್ತೆ ಕೈತಪ್ಪಿದ ಮೇಲೆ ಅವನು ಸುಪ್ರೀಂ ಕೋರ್ಟಿಗೆ ಹೋದ.

2013ರ ಜುಲೈ 2ರಂದು ನ್ಯಾಯಮೂರ್ತಿ ಎ.ಕೆ. ಪಟ್ನಾಯಕ್ ಮತ್ತು ನ್ಯಾಯಮೂರ್ತಿ ಸುಧಾಂಶು ಜ್ಯೋತಿ ಮುಖೋಪಾಧ್ಯಾಯ ಅವರ ಪೀಠ ತೀರ್ಪು ನೀಡಿತು. 1982ರ ನಿಯಮಗಳನ್ನು ಅದು ಒಂದೊಂದಾಗಿ ಎದುರಿಗಿಟ್ಟುಕೊಂಡು ಓದಿತು. ಭರ್ತಿಯ ದಾಖಲೆಯಲ್ಲಿ ಯಾವ ರೋಗದ ಟಿಪ್ಪಣಿಯೂ ಇರಲಿಲ್ಲ. ಹಾಗಾದರೆ ಕಾನೂನಿನ ಊಹೆ ಸಿಪಾಯಿಯ ಪರ. ಆ ಊಹೆಯನ್ನು ಮುರಿಯಬೇಕಾದವರು ಕಾರಣ ಕೊಡಬೇಕು. ಮೆಡಿಕಲ್ ಬೋರ್ಡ್ ಒಂದೇ ಒಂದು ಕಾರಣವನ್ನೂ ಬರೆದಿರಲಿಲ್ಲ, ಪಿಂಚಣಿ ಕಚೇರಿ ಕಾರಣ ಕೇಳಿಯೂ ಇರಲಿಲ್ಲ. ಕಣ್ಣುಮುಚ್ಚಿ ಸಹಿ ಹಾಕಿತ್ತು. ಏಕಸದಸ್ಯ ಪೀಠದ ಆದೇಶವನ್ನೇ ಎತ್ತಿಹಿಡಿದ ಸುಪ್ರೀಂ ಕೋರ್ಟ್ ಬಾಕಿ ಉಳಿದದ್ದನ್ನು ಮೂರು ತಿಂಗಳಲ್ಲಿ ಕೊಡಿ ಎಂದಿತು. ಹೊರಬಿದ್ದ ದಿನದಿಂದ ಲೆಕ್ಕ ಹಾಕಿದರೆ 19 ವರ್ಷ.

ಈ ತೀರ್ಪಿನ ಹಿರಿಮೆಯನ್ನು ಸರಿಯಾಗಿ ಗ್ರಹಿಸಬೇಕು. ವೈದ್ಯರ ಜ್ಞಾನವನ್ನು ಅದು ಕಡೆಗಣಿಸಲಿಲ್ಲ. ನ್ಯಾಯಾಧೀಶರು ತಾವೇ ವೈದ್ಯರಾಗಿ ಮೂರ್ಛೆರೋಗದ ಮೂಲ ಹೇಳಲಿಲ್ಲ. ಅವರು ಕೇಳಿದ್ದು ಇಷ್ಟೇ: ತಜ್ಞರ ಅಭಿಪ್ರಾಯ ಪುರಾವೆಯಾಗಬೇಕಾದರೆ ಅದರ ಹಿಂದೆ ತರ್ಕ ಕಾಣಬೇಕಲ್ಲವೇ? ರೋಗಿಯ ಕುಟುಂಬದಲ್ಲಿ ಆ ರೋಗ ಇತ್ತೇ? ತಲೆಗೆ ಪೆಟ್ಟಾಗಿತ್ತೇ? ಯಾವ ನೆಲೆಯಲ್ಲಿ, ಎಂಥ ಒತ್ತಡದಲ್ಲಿ, ಎಷ್ಟು ನಿದ್ದೆಗೆಟ್ಟು ದುಡಿದ? ಭರ್ತಿಯ ಪರೀಕ್ಷೆಯಲ್ಲಿ ಯಾಕೆ ಕಾಣಲಿಲ್ಲ? ಇವಕ್ಕೆ ಉತ್ತರ ಬರೆದ ಅಭಿಪ್ರಾಯಕ್ಕೆ ತೂಕ ಬರುತ್ತದೆ. ಬರೆಯದಿದ್ದರೆ ಕೆಳಗೆ ಎಷ್ಟು ದೊಡ್ಡ ಹುದ್ದೆಯವರ ಸಹಿ ಇದ್ದರೂ ಅದು ಬರೀ ಹೇಳಿಕೆ.

ಮುಗಿಯದ ಹಗ್ಗಜಗ್ಗಾಟ

ಆ ತೀರ್ಪಿನ ಬೆನ್ನಿಗೆ ಇನ್ನೂ ಕೆಲವು ಬಂದವು. 2014ರ ಸುಖ್ವಿಂದರ್ ಸಿಂಗ್ ಪ್ರಕರಣದಲ್ಲಿ, ವೈಕಲ್ಯದ ಕಾರಣಕ್ಕೇ ಸೇವೆಯಿಂದ ಹೊರಹಾಕಿದವನ ವೈಕಲ್ಯ ಶೇ. 20ಕ್ಕಿಂತ ಕಡಿಮೆ ಎನ್ನುವುದು ಸಲ್ಲದು ಎಂದಿತು ಕೋರ್ಟ್. ಅದೇ ವರ್ಷದ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣ ಶೇಕಡಾವನ್ನು 50, 75, 100ಕ್ಕೆ ಏರಿಸಿ ಲೆಕ್ಕ ಹಾಕುವ ಸೌಲಭ್ಯವನ್ನು ಪೂರ್ಣ ಅವಧಿ ಮುಗಿಸಿ ನಿವೃತ್ತರಾದವರಿಗೂ ವಿಸ್ತರಿಸಿತು. 2015ರ ಫೆಬ್ರವರಿಯಲ್ಲಿ ರಾಜ್‌ಬೀರ್ ಸಿಂಗ್ ಪ್ರಕರಣದಲ್ಲಿ ಸರ್ಕಾರ ಹೂಡಿದ್ದ ಮೇಲ್ಮನವಿಗಳನ್ನು ಸುಪ್ರೀಂ ಕೋರ್ಟ್ ಒಟ್ಟಿಗೆ ವಜಾ ಮಾಡಿತು.

ಆದರೆ ಇನ್ನೊಂದು ಕಡೆ ನೆಲವೇ ಸರಿಯುತ್ತಿತ್ತು. ಧರ್ಮವೀರ್ ಸಿಂಗ್ ತೀರ್ಪು ಅರ್ಥೈಸಿದ್ದು 1982ರ ನಿಯಮಗಳನ್ನು. ಅಷ್ಟರಲ್ಲಾಗಲೇ 2008ರ ಹೊಸ ಅರ್ಹತಾ ನಿಯಮಗಳು ಬಂದಿದ್ದವು. ಸೇವೆಯಲ್ಲಿದ್ದಾಗ ರೋಗ ಕಾಣಿಸಿಕೊಂಡಿತು ಎಂಬುದೊಂದೇ ಸೇವೆಯ ಸಂಬಂಧವನ್ನು ಸಿದ್ಧಪಡಿಸುವುದಿಲ್ಲ ಎಂದು ಅವು ಹೇಳಿದವು. ಸಾಮಾನ್ಯವಾಗಿ ಅರ್ಜಿದಾರನ ಮೇಲೆ ಹೊಣೆ ಇಲ್ಲವಾದರೂ ಬಿಡುಗಡೆಯಾಗಿ 15 ವರ್ಷ ಕಳೆದ ಮೇಲೆ ಬಂದ ಅರ್ಜಿಗಳಲ್ಲಿ ಹೊಣೆ ಅವನದೇ ಎಂದೂ ಸೇರಿಸಿದವು. 2019ರಲ್ಲಿ ನರಸಿಂಗ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಕಿಜೋಫ್ರೇನಿಯಾದಂಥ ಮನೋರೋಗ ಭರ್ತಿಯ ವೇಳೆ ಪತ್ತೆಯಾಗಲಾರದು, ಆದ್ದರಿಂದ ಬೋರ್ಡಿನ ಅಭಿಪ್ರಾಯ ನಿಲ್ಲುತ್ತದೆ ಎಂದು ಅರ್ಜಿ ತಳ್ಳಿಹಾಕಿತು. 2023ರ ಸೆಪ್ಟೆಂಬರಿನಿಂದ ಮತ್ತೊಂದು ನಿಯಮಾವಳಿ ಜಾರಿಯಾಗಿದೆ.

2025ರಲ್ಲಿ ಗಾಳಿ ಮತ್ತೆ ತಿರುಗಿತು. ಏಪ್ರಿಲ್‌ನಲ್ಲಿ, ಸಿಯಾಚಿನ್‌ನಲ್ಲಿ ದುಡಿದು 1980ರ ದಶಕದ ಕೊನೆಯಲ್ಲಿ ಮೂರ್ಛೆರೋಗದಿಂದ ಹೊರಬಂದಿದ್ದ ಸೈನಿಕನ ಹಕ್ಕನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮರು ತಿಂಗಳು ಸ್ಕಿಜೋಫ್ರೇನಿಯಾದ ಇನ್ನೊಂದು ಪ್ರಕರಣದಲ್ಲಿ, ಕಾರಣವಿಲ್ಲದ ಬೋರ್ಡಿನ ಅಭಿಪ್ರಾಯದ ಮೇಲೆ ಪಿಂಚಣಿ ನಿರಾಕರಿಸುವಂತಿಲ್ಲ ಎಂದಿತು. ದೆಹಲಿ ಹೈಕೋರ್ಟ್ 2008ರ ನಿಯಮಗಳಡಿ ಬಂದ ಪ್ರಕರಣಗಳಲ್ಲೂ, ರೋಗ ಪೀಸ್ ಸ್ಟೇಷನ್‌ನಲ್ಲಿ ಶುರುವಾಯಿತು ಎಂಬುದಷ್ಟೇ ಕಾರಣವಾಗಲಾರದು ಎಂದು ಅದೇ ವರ್ಷ ಹೇಳಿತು. ಸೈನಿಕನ ಒತ್ತಡ ಭೂಪಟದ ಗೆರೆ ನೋಡಿ ಶುರುವಾಗುವುದಿಲ್ಲ. ಹಿಮದ ನೆಲೆಯಿಂದ ಇಳಿದುಬಂದವನ ರಕ್ತದೊತ್ತಡ ಪುಣೆಯಲ್ಲೋ ಬೆಂಗಳೂರಿನಲ್ಲೋ ಅಳತೆಗೆ ಸಿಗಬಹುದು. ಅಳೆದ ಊರೇ ಅದರ ಮೂಲವಲ್ಲ.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಅಂಗವೈಕಲ್ಯ ಪಿಂಚಣಿಯೊಂದಿಗೆ ನಿವೃತ್ತರಾಗುವವರ ಪ್ರಮಾಣ ಸಿಪಾಯಿಗಳಿಗಿಂತ ಅಧಿಕಾರಿಗಳಲ್ಲಿ ಬಹಳ ಹೆಚ್ಚಿರುವುದನ್ನು ಮಹಾಲೇಖಪಾಲರ ವರದಿ ಎತ್ತಿ ತೋರಿಸಿತ್ತು. ನಿವೃತ್ತಿಯ ಹೊಸ್ತಿಲಲ್ಲಿ ಪತ್ತೆಯಾಗುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೆಲ್ಲ ಸೇವೆಯ ಫಲವೇ ಎಂದು ಸೇನೆಯ ಒಳಗಿನವರೇ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಸಾರ್ವಜನಿಕ ಹಣ ತಪ್ಪು ಕೈಗೆ ಹೋಗಬಾರದು. ಆದರೆ ದುರುಪಯೋಗ ತಡೆಯುವ ದಾರಿ ಪ್ರತಿ ಕಡತದಲ್ಲೂ ಎಚ್ಚರದ ವೈದ್ಯಕೀಯ ತನಿಖೆ ಮಾಡುವುದು. ಎಲ್ಲರ ಮೇಲೂ ಪುರಾವೆಯ ಭಾರ ಹೇರಿದರೆ ದೊಡ್ಡ ವಕೀಲರನ್ನು ಹಿಡಿಯಬಲ್ಲ ಅಧಿಕಾರಿ ಹೇಗೋ ದಾಟಿಕೊಳ್ಳುತ್ತಾನೆ. ಮುಳುಗುವವನು 20ನೇ ವಯಸ್ಸಿಗೆ ಸೇರಿ 29ಕ್ಕೆ ಮೂರ್ಛೆ ಬಿದ್ದು ಬಂದ ಸಿಪಾಯಿ.

ಈ ಹೋರಾಟದಲ್ಲಿ ಸದ್ದಿಲ್ಲದೆ ನೆರವಾದ ಇನ್ನೊಂದು ಕಾಯಿದೆಯಿದೆ. 2005ರ ಮಾಹಿತಿ ಹಕ್ಕು ಬಂದ ಮೇಲೆ ಮಾಜಿ ಸೈನಿಕರು ತಮ್ಮ ಮೆಡಿಕಲ್ ಬೋರ್ಡಿನ ಪ್ರತಿಯನ್ನು ಕೇಳಿ ಪಡೆಯತೊಡಗಿದರು. ತನ್ನ ಬಗ್ಗೆ ಏನು ಬರೆದಿದ್ದಾರೆಂದೇ ತಿಳಿಯದವನು ಅದನ್ನು ಅಲ್ಲಗಳೆಯುವುದು ಹೇಗೆ? ಭರ್ತಿಯ ವೈದ್ಯಕೀಯ ಪರೀಕ್ಷೆಯ ಹಾಳೆ, ಸೇನಾ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಗಳು, ಪೋಸ್ಟಿಂಗ್‌ಗಳ ಪಟ್ಟಿ, ಬೋರ್ಡಿನ ಪೂರ್ತಿ ನಡಾವಳಿ, ಈ ನಾಲ್ಕು ಕೈಯಲ್ಲಿದ್ದರೆ ಅಪೀಲಿನ ಅರ್ಧ ಕೆಲಸ ಮುಗಿದಂತೆ. ಇವುಗಳನ್ನು ಅರ್ಜಿ ಹಾಕಿ, ತಿಂಗಳುಗಟ್ಟಲೆ ಕಾದು ಪಡೆಯುವ ಸ್ಥಿತಿ ಇರಬಾರದು. ಬಿಡುಗಡೆಯ ದಿನವೇ ಸೈನಿಕನ ಕೈಗೆ ಕೊಡಬೇಕು.

ರಕ್ಷಣಾ ಸಚಿವಾಲಯ ಮೊಕದ್ದಮೆಗಳನ್ನು ತಗ್ಗಿಸಲೆಂದು 2015ರಲ್ಲಿ ರಚಿಸಿದ ತಜ್ಞರ ಸಮಿತಿ, ವೈಕಲ್ಯ ಪಿಂಚಣಿಯ ಪ್ರಕರಣಗಳಲ್ಲಿ ಸರ್ಕಾರ ಹೂಡುತ್ತಿರುವ ಮೇಲ್ಮನವಿಗಳ ಬಗ್ಗೆ ಕಟುವಾಗಿ ಬರೆದಿತ್ತು. ಸೈನಿಕ ಕೆಳಗಿನ ಹಂತದಲ್ಲಿ ಗೆದ್ದ ಮೇಲೂ ಅವನನ್ನು ಸುಪ್ರೀಂ ಕೋರ್ಟಿನ ಮೆಟ್ಟಿಲವರೆಗೆ ಎಳೆದೊಯ್ಯುವ ಚಾಳಿ ಇನ್ನೂ ಪೂರ್ತಿ ನಿಂತಿಲ್ಲ. 1994ರಲ್ಲಿ ಹೊರಬಿದ್ದವನಿಗೆ 2013ರಲ್ಲಿ, 1980ರ ದಶಕದಲ್ಲಿ ಹೊರಬಿದ್ದವನಿಗೆ 2025ರಲ್ಲಿ ಸಿಕ್ಕ ನ್ಯಾಯಕ್ಕೆ ನಾವು ಹೆಮ್ಮೆಪಡುವಂತಿಲ್ಲ. ಅಷ್ಟು ವರ್ಷ ಬದುಕಿ ಉಳಿಯದವರ ಕಡತಗಳು ಯಾವ ತೀರ್ಪಿನಲ್ಲೂ ಬರುವುದಿಲ್ಲ.

ಒಂದು ಅಕ್ಷರದ ಮೇಲೆ ಪಿಂಚಣಿ ನಿಂತಿದ್ದ ಕಾಲದಿಂದ ಕಾರಣ ಬರೆಯಲೇಬೇಕೆನ್ನುವ ಕಾಲಕ್ಕೆ ನಾವು ಬಂದಿದ್ದೇವೆ. ಈ ದೂರವನ್ನು ಕ್ರಮಿಸಿದ್ದು ಸರ್ಕಾರಗಳ ಉದಾರತೆಯಿಂದಲ್ಲ, ಸೋತರೂ ಮತ್ತೆ ಅರ್ಜಿ ಹಾಕಿದ ಸೈನಿಕರಿಂದ ಮತ್ತು ಅವರ ವಿಧವೆಯರಿಂದ. ಉಳಿದ ಕೆಲಸ ಮೆಡಿಕಲ್ ಬೋರ್ಡಿನ ಮೇಜಿನ ಮೇಲಿದೆ. ಕಾರಣ ತಿಳಿದಿದ್ದರೆ ವೈದ್ಯರು ಅದನ್ನು ಬಿಡಿಸಿ ಬರೆಯಲಿ, ಸೈನಿಕನ ವಿರುದ್ಧವಾಗಿದ್ದರೂ ಸರಿ. ತಿಳಿಯದಿದ್ದರೆ ‘ತಿಳಿಯದು’ ಎಂದೇ ಪ್ರಾಮಾಣಿಕವಾಗಿ ಬರೆಯಲಿ. ಆ ಸಂಶಯದ ಲಾಭ ಸಲ್ಲಬೇಕಾದದ್ದು ಅವನನ್ನು ಆರೋಗ್ಯವಂತನೆಂದು ಬರೆದುಕೊಂಡ ದೇಶಕ್ಕಲ್ಲ, ಆರೋಗ್ಯವನ್ನು ಆ ಕೆಲಸಕ್ಕೆ ಕೊಟ್ಟು ಬಂದವನಿಗೆ.